ತುಂಬಿದ ಕೊಲ್ಲಿಗೆ ಇನ್ನೊಂದು ದೋಣಿ

ಬ್ರಿಜಿತಾ ಕೊಲ್ಲಿ, ಕೆರಿಬಿಯನ್ ಸಮುದ್ರ
ಫೆಬ್ರವರಿ ಮೂವತ್ತು, 2214

ನಮ್ಮ ವಂಶದ ಹಿರಿಯಜ್ಜಿ ಮುಕ್ತಾಬಾಯಿಯವರಿಗೆ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ನಂತರ ಯಾರೋ ಪುಣ್ಯಾತ್ಮರು ಬಡಪಾಯಿ ಫೆಬ್ರವರಿಗೂ ಇನ್ನಷ್ಟು ದಿನಗಳನ್ನು ದಯಪಾಲಿಸಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಹೊನ್ನಾವರದಿಂದ ತಂದ ಮಾತಿಗೆ ಇನ್ನೂರು ವರ್ಷ ಈ ಕಡಲ ಗಾಳಿ ಬಡಿದಿದೆ.

ನೀವು ಪ್ರವಾಸಿಗರ ಹಾಯಿದೋಣಿಯಲ್ಲಿ ಅಡುಗೆ ಮಾಡುತ್ತಿದ್ದಾಗ ಈ ಕೊಲ್ಲಿಯಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲವಂತೆ. ಒಬ್ಬರ ಲಂಗರಿನ ಮೇಲೆ ಇನ್ನೊಬ್ಬರ ಲಂಗರು, ರಾತ್ರಿಯಿಡೀ ಹಾಡಿನ ಅಬ್ಬರ, ಜಾಗಕ್ಕಾಗಿ ಕೈಕೈ ಮಿಲಾಯಿಸುವ ಜಗಳ. ಈಗ ಇಲ್ಲಿ ಲಂಗರು ಹಾಕುವಂತಿಲ್ಲ. ಅದು ಕಡಲಹುಲ್ಲನ್ನು ಬೇರುಸಮೇತ ಕೀಳುತ್ತದೆ. ಬದಲಿಗೆ ಇಪ್ಪತ್ತು ಗೂಟಗುಂಡುಗಳಿವೆ, ಅಂದರೆ ತಳಕ್ಕೆ ಬಿಗಿದು ನೀರಿನ ಮೇಲೆ ತೇಲಬಿಟ್ಟ ಚೆಂಡುಗಳು. ಅವಕ್ಕೆ ಕಟ್ಟಿಕೊಂಡವರಷ್ಟೇ ಅತಿಥಿಗಳು. ಅವರು ಬೆಳಿಗ್ಗೆ ನಮ್ಮೊಂದಿಗೆ ಬಲೆ ಬಿಡಿಸುತ್ತಾರೆ, ಮಧ್ಯಾಹ್ನ ಮರಗೆಣಸು ತುರಿಯುತ್ತಾರೆ, ಕತ್ತಲಾದರೆ ಮೊಟ್ಟೆಯಿಡಲು ದಡಕ್ಕೆ ಬರುವ ಆಮೆಗಳಿಗಾಗಿ ದೀಪ ಆರಿಸುತ್ತಾರೆ. ಎಲ್ಲ ಗುಂಡುಗಳೂ ತುಂಬಿದ ಮೇಲೆ ಕೊಲ್ಲಿ ಕಾಯುವ ನಾನು ಕೆಂಪು ಬಾವುಟ ಏರಿಸುತ್ತೇನೆ. ಆಮೇಲೆ ಬಂದವರು ಪಕ್ಕದ ದ್ವೀಪಕ್ಕೆ ಹೋಗಬೇಕು.

ನಿನ್ನೆ ಬಿರುಗಾಳಿ ಏಳುವ ಹೊತ್ತಿಗೆ ಬಾವುಟ ಮೇಲಿತ್ತು. ಹಾಯಿ ಹರಿದ ದೋಣಿಯೊಂದು ಕೊಲ್ಲಿಯ ಬಾಯಿಗೆ ಬಂತು. ದುರ್ಬೀನಿನಲ್ಲಿ ನೋಡಿದರೆ ಚುಕ್ಕಾಣಿ ಹಿಡಿದವಳು ನನ್ನ ಮಗಳು ತರಂಗಿಣಿ! ಬಾವುಟ ಕಂಡದ್ದೇ ಅವಳು ದೋಣಿ ತಿರುಗಿಸತೊಡಗಿದಳು. ನಿಯಮವೆಂದರೆ ನಿಯಮ ಎಂದು ಹೇಳಿ ಹೇಳಿ ಬೆಳೆಸಿದವಳು ನಾನೇ. ಆ ಹಾಯಿಯಲ್ಲಿ ಅವಳು ಪಕ್ಕದ ದ್ವೀಪ ಮುಟ್ಟುವ ಮಾತೇ ಇರಲಿಲ್ಲ. ಬಾವುಟ ಇಳಿಸಲು ಓಡಿದೆ. ಇಳಿಸಿ ಅವಳನ್ನು ಎಲ್ಲಿ ಕಟ್ಟಿಸಲಿ? ಬಾವುಟದ ಹಗ್ಗ ಹಿಡಿದೇ ಗುಂಡುಗಳನ್ನು ಮತ್ತೊಮ್ಮೆ ಎಣಿಸಿದೆ.

ಆಗ ವರ್ಷವರ್ಷವೂ ಬಂದು ನಮ್ಮ ಮಾತನ್ನೇ ಕಲಿತ ಮುದುಕ ಅತಿಥಿ ಆನ್ಸೆಲ್ ತನ್ನ ಹಗ್ಗ ಬಿಚ್ಚಿದ. ಅದು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. "ನಂದು ಸಣ್ಣ ದೋಣಿ, ದಡಕ್ಕೆ ಎಳೀರಿ. ಪಾಪ, ಆ ಕೂಸು ಎಲ್ಲಿಗೆ ಹೋಗೂದು?" ಎಂದು ಕೂಗಿದ. ಊರವರು, ಅತಿಥಿಗಳು ಎಲ್ಲರೂ ಹೈಲೇಸಾ ಎಂದು ಅವನ ದೋಣಿಯನ್ನು ಮರಳಿಗೆ ಎಳೆದರು. ನಾನು ಬಾವುಟ ಇಳಿಸಿದೆ. ತರಂಗಿಣಿ ತಿರುಗಿ ಬಂದು ಅವನು ಬಿಟ್ಟ ಗೂಟಗುಂಡಿಗೆ ಕಟ್ಟಿಕೊಂಡಳು. ನಾನು ಮರಳಲ್ಲೇ ಕುಸಿದು ಅತ್ತೆ.

ಹಿರಿಯಜ್ಜಿ, ಒಂದೇ ಕೋರಿಕೆ. ಇವತ್ತು ಬಡಿಸುವಾಗ ನಿಮ್ಮ ಪ್ರವಾಸಿಗರಿಗೆ ಹೇಳಿ: ಬನ್ನಿ, ಬೇಡವೆನ್ನುವುದಿಲ್ಲ, ಆದರೆ ಸಿಕ್ಕ ಜಾಗವನ್ನು ಬಿಟ್ಟುಕೊಡುವುದನ್ನೂ ಕಲಿಯಿರಿ.

ಮಗಳು ಒಳಗೆ ಗೊರಕೆ ಹೊಡೆಯುತ್ತಿದ್ದಾಳೆ. ಮಾಡುವ ಕೆಲಸ ಬೇಕಾದಷ್ಟಿದೆ, ಆದರೂ ಕೇಳುತ್ತಾ ಕೂತಿದ್ದೇನೆ.

ನಿಮ್ಮ ಕುಡಿ,
ಸುಗಂಧಿ