ಮರಿಯಪ್ಪನ ಚೈನು

೧೨ ಜೂನ್ ೧೯೪೪, ಸೋಮವಾರ. ಮಂಡ್ಯ ಕ್ಯಾಂಪು.

ಕಾಗದ ಇನ್ನೂ ನನ್ನ ಜೇಬಿನಲ್ಲೇ ಇದೆ. ಯಲಿಯೂರಿನ ಚಿಕ್ಕಬೋರಮ್ಮನಿಗೆ ಓದು ಬಾರದು, ಮಗ ಮರಿಯಪ್ಪ ಬರ್ಮಾ ಗಡಿಯಲ್ಲಿ ಸತ್ತದ್ದನ್ನು ನೀನೇ ಓದಿ ಹೇಳು ಎಂದು ಸಾಹೇಬರು ಕಳಿಸಿದ್ದರು.

ಪಲ್ಟನ್ನಿನ ಸೈಕಲ್ಲು, ದಿನಕ್ಕೊಂದು ಉದುರುವ ಹಲ್ಲು. ಅವಳ ಬಾಗಿಲಲ್ಲೇ ಚೈನು ತುಂಡಾಯಿತು.

"ಈ ಮುದಿಕುದ್ರೆ ಮ್ಯಾಲೆ ಯುದ್ಧ ಗೆದ್ದಂಗೇ ಬುಡಿ!" ಎಂದು ನಕ್ಕಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಒಂದು ಚೈನು ತಂದಳು.

"ನಮ್ಮ ಮರಿಯಪ್ಪನ ಸೈಕಲ್ದು. ತುಕ್ಕು ಇಡೀದಂಗೆ ವಾರವಾರ ಅರಳೆಣ್ಣೆ ಸವರ್ತೀನಿ. ಆಕ್ಕೊಂಡೋಗಿ ಸ್ವಾಮಿ, ಅವ್ನು ಬಂದ್ಮೇಲೆ ಕೊಡೀರಂತೆ."

ಆಗಲೇ ಹೇಳಬೇಕಿತ್ತು. "ಕೊಡ್ತೀನಮ್ಮ" ಎಂದುಬಿಟ್ಟೆ. ಚೈನು ಹಾಕಿಕೊಂಡೆ, ಕೊಟ್ಟ ಮಜ್ಜಿಗೆಯನ್ನೂ ಕುಡಿದೆ. ಬಂದದ್ದೇನು ಎಂದು ಕೇಳಿದಳು. ಹೀಗೇ ಈ ದಾರೀಲಿ ಹೋಗ್ತಿದ್ದೆ ಎಂದೆ.

ಬಿ.ಎ. ಮಾಡಿದ ಗುಮಾಸ್ತ, ವಯಸ್ಸು ನಲವತ್ತೈದು. ಪ್ರಾಸ ಕಟ್ಟುವ ನಾಲಿಗೆಗೆ ಮೂರು ಸಾಲು ಓದಲಾಗಲಿಲ್ಲ.

ವಾಪಸು ಐದು ಮೈಲಿ ತುಳಿದೆ. ಎರಡು ವರ್ಷದಲ್ಲಿ ಮೊದಲ ಸಲ ಚೈನು ಎಲ್ಲೂ ಕಳಚಲಿಲ್ಲ. ಕಳಚಿದ್ದರೆ ನಿಲ್ಲುತ್ತಿದ್ದೆ, ಬಹುಶಃ ಹಿಂತಿರುಗುತ್ತಿದ್ದೆ.

ನಾಳೆ ಹೋಗಲೇಬೇಕು. ಹೋಗುವುದೂ ಅವನ ಚೈನಿನಲ್ಲೇ. ಅವಳು ನೋಡಿದ ತಕ್ಷಣ, ಸರಿಯಾಗಿ ಓಡುತ್ತಿದೆಯಾ ಎಂದು ಕೇಳುತ್ತಾಳೆ, ಆಗ ನಾನು