ಬೋನಿನ ಬೀಗ

ಅಕ್ಟೋಬರ್ 6, ಸೋಮವಾರ

ಕಾಡಂಚಿನ ಬೆಳಗಿನ ಬೀಟ್ ಸುತ್ತಿ ಬಂದು ಈಗ ಕೂತೆ. ಹುಲಿ ಹೆಜ್ಜೆ ಇವತ್ತೂ ಸಿಕ್ಕಿತು — ನಂಜುಂಡಪ್ಪನವರ ಅರಿಶಿನದ ಹೊಲದಲ್ಲಿ, ಬದುವಿನ ಹಸಿ ಮಣ್ಣಲ್ಲಿ. ಜೊತೆಗಿದ್ದ ಫಾರೆಸ್ಟ್ ವಾಚರ್ ಮೂಗಯ್ಯ ಬಗ್ಗಿ ನೋಡಿದ. "ಕುಂಟ್ತದೆ ಸಾ. ಕಾಡಲ್ಲಿ ಬ್ಯಾಟೆ ಸಿಕ್ತಿಲ್ಲ, ಅದ್ಕೇ ದನದ್ ಮ್ಯಾಲೆ ಬಿದ್ದದೆ."

ಅದೇ ಹೊಲದಲ್ಲಿ ಬೋನು ಇಟ್ಟೆವು. ಹುಲಿಯನ್ನು ಕರೆಯಲು ಒಂದು ಕರು ಬೇಕಿತ್ತು. ಊರಲ್ಲಿ ಯಾರೂ ಕೊಡಲಿಲ್ಲ. ಕೊನೆಗೆ ನಂಜುಂಡಪ್ಪನವರೇ ತಮ್ಮದನ್ನು ಹಿಡಿದುಕೊಂಡು ಬಂದರು. ಹೋದ ವಾರ ಹುಲಿ ತಿಂದದ್ದು ಅದರ ತಾಯಿಯನ್ನೇ. ಬೋನಿನ ಹಿಂದಿನ ಗೂಡಿಗೆ ಬಿಡುವಾಗ ಅದರ ಮೈ ಸವರುತ್ತಾ ನಿಂತಿದ್ದರು.

"ಮಧ್ಯ ಕಂಬಿ ಇದೆ, ಇದಕ್ಕೇನೂ ಆಗಲ್ಲ" ಎಂದೆ.

"ಆಗ್ಬಾರ್ದು ಕಣ್ ಸಾ" ಎಂದರು. ಅಷ್ಟೇ.

ಅಕ್ಟೋಬರ್ 9, ಗುರುವಾರ

ಹುಲಿ ಬೋನಿನ ಸುತ್ತ ಓಡಾಡಿದೆ, ಒಳಗೆ ಬಂದಿಲ್ಲ. ಪಕ್ಕದ ಹೊಲದಲ್ಲಿ ಇನ್ನೊಂದು ಹಸು ಹೋಯಿತು. ಜನ ಸೇರಿದ್ದರು. ಮುಂದೆ ನಿಂತವನು ರವಿಕುಮಾರ, ನಂಜುಂಡಪ್ಪನವರ ಹೆಂಡತಿ ಭಾಗ್ಯಮ್ಮನ ತಮ್ಮ.

"ಬೋನ್ ಮಡ್ಗಿ ಫೋಟೋ ತಕ್ಕೊಂಡು ಓಯ್ತೀರಾ. ನಾಳೆ ಮನುಸ್ರ್ ಸತ್ರೆ?"

ಆನೆ ಕರೆಸಿ ಹುಡುಕಲು ಕೇಳಿದ್ದೇವೆ, ಇನ್ನೂ ಆರ್ಡರ್ ಬಂದಿಲ್ಲ ಎಂದೆ. ನನಗೇ ಸಪ್ಪೆ ಎನಿಸಿತು. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?...

ಅಕ್ಟೋಬರ್ 15, ಬುಧವಾರ

ಐದು ದಿನ ಬರೆದಿಲ್ಲ.  

ಶುಕ್ರವಾರ ನಡೆದದ್ದು. ಹೊತ್ತು ಏರಿತ್ತು. ನಾನೂ ಮೂಗಯ್ಯನೂ ಬೋನಿನ ಒಳಗೆ, ಹುಲಿ ತುಳಿದರೆ ಬಾಗಿಲು ಬೀಳಿಸುವ ಹಲಗೆ ಸರಿಮಾಡುತ್ತಿದ್ದೆವು. ವಾಕಿಟಾಕಿ, ಫೋನು ಜೀಪಿನಲ್ಲಿ. ಹೊರಗೆ ಗಲಾಟೆ ಕೇಳಿ ತಿರುಗುವಷ್ಟರಲ್ಲಿ ಬಾಗಿಲು ದಡಾರನೆ ಬಿತ್ತು. ರವಿಕುಮಾರ ಬೀಗ ಜಡಿದು ಕೀ ಜೇಬಿಗೆ ಹಾಕಿಕೊಂಡ. "ನಿಮ್ ದೊಡ್ ಸಾಯೇಬ್ರು ಬರ್ಲಿ, ಆಮೇಲ್ ಬುಡ್ತೀವಿ." ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ರೋಡ್ ತಡೆಯಲು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ನಂಜುಂಡಪ್ಪನವರು ಒಬ್ಬರೇ ವಾಪಸ್ ಬಂದರು. ಕೈಯಲ್ಲಿ ಬಕೆಟ್ಟು. ಕರುವಿಗೆ ನೀರು ಇಟ್ಟು, ಚೊಂಬಿನಲ್ಲಿ ನಮಗೂ ಕೊಟ್ಟರು. "ಉಡುಗ್ರು ಕ್ವಾಪದಲ್ಲವ್ರೆ ಸಾ, ಮನ್ಸಿಗ್ ಆಕ್ಕಬ್ಯಾಡಿ. ಕೀ ಇಸ್ಕೊಂಡ್ ಬತ್ತೀನಿ" ಎಂದರು.

ಕರು ಒಮ್ಮೆಲೇ ಹಗ್ಗ ಜಗ್ಗಿ ಅರಚಿತು. ಮೂಗಯ್ಯ ಪಿಸುಗುಟ್ಟಿದ: "ಅಣ್ಣೋ, ಬೆನ್ ತಿರುಗುಸ್ಬ್ಯಾಡ."

ಅವರು ಆಗಲೇ ತಿರುಗಿದ್ದರು.

ಅರಿಶಿನದ ಗಿಡಗಳ ಒಳಗಿಂದ ಬಂತು. ಸದ್ದೇ ಇಲ್ಲ. ಅವರು ಓಡಿ ಬಂದು ಬಾಗಿಲು ಹಿಡಿದುಕೊಂಡರು. ಎತ್ತಿದರೆ ಬೀಗ ಬಿಡಲಿಲ್ಲ. ನಾನು ಒಳಗಿಂದ ಎತ್ತಿದೆ. ಬೂಟುಗಾಲಿನಿಂದ ಒದ್ದೆ. ಮೂಗಯ್ಯ ಕತ್ತಿ ತೆಗೆದು ಕಂಬಿಗೆ ಬಡಿಯುತ್ತಾ ಕೂಗಿದ. ನಾನು ಕಂಬಿಗಳ ನಡುವಿಂದ ಅವರ ಎರಡೂ ಕೈ ಹಿಡಿದುಕೊಂಡೆ.

"ಕೈ ಬುಡಬ್ಯಾಡಿ ಸಾ."

ಬಿಡಲಿಲ್ಲ. ಹುಲಿ ಎಳೆಯಿತು. ನನ್ನ ಭುಜ ಕಂಬಿಗೆ ಬಡಿಯಿತು. ಬಿಡಲಿಲ್ಲ. ಅದರ ಉಸಿರು ನನ್ನ ಮುಖಕ್ಕೆ ತಾಗಿತು. ಮೂಗಯ್ಯನ ಕತ್ತಿ ಕಂಬಿಯಾಚೆ ಹೋಗಿ ಅದರ ಮೂತಿಗೆ ಬಿತ್ತೋ ಏನೋ, ಹಾರಿ ಸರಿದು ಹೋಯಿತು.

ನಂಜುಂಡಪ್ಪನವರು ಬಾಗಿಲಿಗೆ ಒರಗಿಯೇ ಕೂತರು. ನನ್ನ ಅಂಗಿ ಹರಿದು ಕೈಗೆಟುಕಿದಷ್ಟು ಕಟ್ಟಿದೆ. ಗಾಯ ಇದ್ದದ್ದು ಬೆನ್ನಿಗೆ, ಕುತ್ತಿಗೆಗೆ. ಒಳಗಿಂದ ಎಟುಕುತ್ತಿರಲಿಲ್ಲ. ಕೂಗಿದೆವು. ರೋಡಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಜನ ಬಂದಾಗ ನಾನಿನ್ನೂ ಕೈ ಹಿಡಿದೇ ಇದ್ದೆನಂತೆ. ಮೂಗಯ್ಯ ನನ್ನ ಬೆರಳು ಒಂದೊಂದಾಗಿ ಬಿಡಿಸಿದ.

ಅಕ್ಟೋಬರ್ 17, ಶುಕ್ರವಾರ

ಸಾಹೇಬರು ಹೇಳಿಕೆ ಕೇಳಿದ್ದಾರೆ. ಬರುವ ಸೋಮವಾರ ಕೊಡಬೇಕು. ಊರಲ್ಲಿ ಬೇರೆಯೇ ಮಾತು — ಫಾರೆಸ್ಟಿನವರೇ ಒಳಗಿಂದ ಚಿಲಕ ಹಾಕಿಕೊಂಡು ನೋಡುತ್ತಾ ಕೂತರಂತೆ.

ಸಂಜೆ ಭಾಗ್ಯಮ್ಮ ಕ್ವಾರ್ಟರ್ಸಿಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ನೀವ್ ಎದರ್ಕೊಂಡು ಬಾಗ್ಲ್ ಆಕ್ಕೊಂಡ್ರಿ ಅಂತಾರೆ. ನಂಗ್ ನಂಬ್ಕೆ ಇಲ್ಲ. ನಿಮ್ ಕೈಯ್ಯಾಗೆ ಬರೆ ಬಿದ್ದವೆ. ಬೀಗದ್ ಕೈ ಯಾರ್ತವಿತ್ತು? ಅದೊಂದ್ ಏಳಿ ಸಾಕು."

ಹೆಸರು ಬಾಯಿಗೆ ಬಂತು. ಆದರೆ ಅವರಿಗೆ ಈಗ ಉಳಿದಿರುವವನು ಆ ತಮ್ಮನೊಬ್ಬನೇ. ಮನೆಗೆ ರೇಷನ್ ತರುವವನು, ತಿಥಿಗೆ ಓಡಾಡುವವನು, ಎಲ್ಲ ಅವನೇ. "ಗದ್ದಲದಲ್ಲಿ ನೋಡಲಿಲ್ಲಮ್ಮ" ಎಂದೆ.

 "ನೀವೂ ಏಳಾಕಿಲ್ಲ" ಎಂದು ಹೊರಟರು.



ಅಕ್ಟೋಬರ್ 19, ಭಾನುವಾರ

ಆನೆ ಬಂದಿವೆ. ಹುಲಿ ಹಿಡಿಯಲು ನಾಳೆ ಶುರು. ಮೂಗಯ್ಯ ಹೋಗುತ್ತಾನೆ. ನನ್ನ ಭುಜ ಇನ್ನೂ ಏಳುತ್ತಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಮೇಲೆ ರವಿಕುಮಾರ. ಎಷ್ಟು ಹೊತ್ತಿನಿಂದ ಕೂತಿದ್ದನೋ. ಮುಖ ಇಳಿದುಹೋಗಿದೆ.

"ಅಕ್ಕಂಗೆ ಏಳಿದ್ರಾ?"

"ಇಲ್ಲ. ನಾಳೆ ಆಫೀಸಲ್ಲಿ ಹೇಳ್ತೀನಿ. ಇದ್ದದ್ದು ಇದ್ದಂಗೆ."

"ಏಳಿ ಸಾ. ನಾ ಓಡೋಗಾಕಿಲ್ಲ." ಅತ್ತ. "ಬಾವ ಕೀ ಕೇಳಾಕೆ ಬತ್ತಾವ್ನೆ ಅಂತ ಗೊತ್ತಿದ್ದಿದ್ರೆ..."

 ಆ ಬಾಗಿಲು ಬಿದ್ದಾಗ ಇವನ ಮುಖದಲ್ಲಿದ್ದ ನಗು ನನಗಿನ್ನೂ ಕಾಣುತ್ತದೆ. ಕ್ಷಮಿಸಿದ್ದೇನೆ ಎನ್ನಲಾರೆ. ಆದರೂ ಟೀ ಕಾಯಿಸಿ ಕೊಟ್ಟೆ.

"ಆಫೀಸ್‌ಗಿಂತ ಮೊದಲು ಅಕ್ಕಂಗೆ ಗೊತ್ತಾಗ್ಬೇಕು ಕಣೋ. ನಿನ್ನ ಬಾಯಿಂದ್ಲೇ" ಎಂದೆ.

ಟೀ ಕುಡಿದು ಲೋಟ ಕೆಳಗಿಟ್ಟ. ಆಮೇಲೆ, "ನೀವೂ ಬನ್ನಿ ಸಾ. ಒಬ್ನೇ ಓದ್ರೆ ಬಾಯ್ ಬರಾಕಿಲ್ಲ."

ಹೊರಟಿದ್ದೇವೆ. ಅವನು ಗೇಟಿನ ಹತ್ತಿರ ಬೈಕು ಒರಗಿಸಿಕೊಂಡು ನಿಂತಿದ್ದಾನೆ. ಭಾಗ್ಯಮ್ಮ ಈ ಹೊತ್ತಿಗೆ ಹಿತ್ತಲಲ್ಲಿರುತ್ತಾರಂತೆ. ಮೊನ್ನೆ ನೋಡಲಿಲ್ಲ ಅಂದವನು ಇವತ್ತು ಇವನ ಜೊತೆ ಹೋಗಿ ಯಾವ ಮುಖ ಇಟ್ಟುಕೊಂಡು —

ಕರೆಯುತ್ತಿದ್ದಾನೆ.