ಗಯ್ಯಾಳಿಯ ಲಗಾಮು

ನನ್ನ ಮುದ್ದಿನ ತಮ್ಮನಿಗೆ,

ಆ ದೂರದ ಆಸ್ಪತ್ರೆಗೆ ಫೋನು ಮಾಡಿದರೆ "ಊಟ ಆಯ್ತಕ್ಕ, ನಿದ್ದೆ ಬರ್ತಿದೆ" ಅಂತ ಎರಡು ಮಾತಿಗೇ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಪೂರ್ತಿ ಓದಿ ಹರಿ.

ಜೀನು ಹೊಲಿಯುವ ಕೋಣೆಯಲ್ಲಿ ಕೂತಿದ್ದೇನೆ. ಕೈಯೆಲ್ಲ ಮೇಣ, ಎಣ್ಣೆ. ಎದುರಿನ ಗೋಡೆಯ ಮೊಳೆಗಳಲ್ಲಿ ತುಕಡಿಯ ಲಗಾಮುಗಳು. ಬೆಳಿಗ್ಗೆ ಸವಾರರು ಬಂದು ಎಲ್ಲವನ್ನೂ ಒಯ್ಯುತ್ತಾರೆ, ನಿನ್ನ ಕುದುರೆಯದೊಂದನ್ನು ಬಿಟ್ಟು. ನೀನು ಬಿದ್ದಂದಿನಿಂದ ಗಯ್ಯಾಳಿಯ ಲಗಾಮು ಅಲ್ಲೇ ಇದೆ. ಆಗಾಗ ಇಳಿಸಿ, ಎಣ್ಣೆ ಹಚ್ಚಿ, ಮತ್ತೆ ತೂಗುಹಾಕುತ್ತೇನೆ.

ಟ್ಯಾಂಕು, ಡ್ರೋನುಗಳ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಯಾಕೆ ಎಂದು ಜನ ನಗುತ್ತಾರೆ. "ಮೆರವಣಿಗೆ ಬೊಂಬೆಗಳು" ಎಂದು ನಿನ್ನ ಮುಖಕ್ಕೇ ಒಬ್ಬ ಅಂದಿದ್ದ. ನೀನು ಹಲ್ಲುಕಿರಿದು, "ಹೌದಣ್ಣ, ಬೊಂಬೆನೇ. ಆದ್ರೆ ಕಚ್ಚತ್ತೆ, ಸ್ವಲ್ಪ ದೂರ ನಿಂತ್ಕೊ" ಅಂದಿದ್ದೆ. ಅಷ್ಟರಲ್ಲಿ ಗಯ್ಯಾಳಿ ಅವನ ತೋಳಿಗೆ ಬಾಯಿ ಹಾಕಿಯಾಗಿತ್ತು. ಯುದ್ಧಕ್ಕೆ ಹೋಗದಿದ್ದರೂ ನಮ್ಮ ತುಕಡಿ ಹಿಂದಿನವರ ಒಂದು ಕಟ್ಟಳೆಯನ್ನು ಬಿಟ್ಟಿಲ್ಲ. ಸವಾರ ಬದುಕಿರುವಾಗ, ಅವನೇ ಬಂದು ಕೈಯಾರೆ ಲಗಾಮನ್ನು ಇನ್ನೊಬ್ಬರಿಗೆ ಕೊಡುವವರೆಗೆ ಆ ಕುದುರೆಯನ್ನು ಬೇರೆ ಯಾರೂ ಹತ್ತುವುದಿಲ್ಲ.

ಅದೇ ಈಗ ಗಯ್ಯಾಳಿಯ ಕುತ್ತಿಗೆಗೆ ಬಂದಿದೆ. ಕೆಲಸವಿಲ್ಲದ ಕುದುರೆಗೆ ಮೇವು ದಂಡವೆಂದು ಮೇಲಿನವರು ಅವಳನ್ನು ಮುಂದಿನ ತಿಂಗಳ ಹರಾಜಿಗೆ ಹಾಕಿದ್ದಾರೆ. ಯಾರಾದರೂ ಹತ್ತಿ ಎಂದರೂ ನಮ್ಮ ಸವಾರರು ಒಪ್ಪಲಿಲ್ಲ. ಓಟವಿಲ್ಲದೆ ಅವಳೂ ಮಂಕಾಗಿದ್ದಾಳೆ. ಮೊನ್ನೆ ಬೇಕೆಂದೇ ಮೂತಿಯ ಹತ್ತಿರ ಕೈ ಹಿಡಿದೆ. ಕಚ್ಚಲಿಲ್ಲ ಕಣೋ. ನನಗೆ ಅಳುವೇ ಬಂತು.

ಟಾರು ರಸ್ತೆಯಲ್ಲಿ ಜಾರಿ ನಿನ್ನನ್ನು ಬೀಳಿಸಿದವಳನ್ನು ನೀನು ಒಂದು ದಿನವೂ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಕೂಡಲೇ, "ಅವಳ ಕಾಲು ಸರಿ ಇದ್ಯಾ?" ಎಂದೆ. ನಿನ್ನ ಎರಡು ಕಾಲೂ ಸ್ವಾಧೀನ ತಪ್ಪಿರುವುದನ್ನು ಆಗ ನಿನಗಿನ್ನೂ ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು, ಇವತ್ತಲ್ಲ ನಾಳೆ ಹತ್ತೇ ಹತ್ತುತ್ತೀಯ ಎಂದು ಜಪ ಮಾಡಿದೆ. ಇನ್ನು ಹೇಳುವುದಿಲ್ಲ. ನೀನು ಹತ್ತುವುದಿಲ್ಲ, ಪುಟ್ಟ. ಇದನ್ನು ಬರೆಯಲು ನನಗೆ ಇಡೀ ಬೆಳಗು ಹಿಡಿಯಿತು.

ಹತ್ತುವುದಕ್ಕಲ್ಲ, ಕೊಡುವುದಕ್ಕೆ ಬಾ. ಹೊಸದಾಗಿ ಸೇರಿದ ಸವಾರಳೊಬ್ಬಳು ದಿನಾ ಲಾಯಕ್ಕೆ ಬಂದು ಗಯ್ಯಾಳಿಯ ಮೈ ಉಜ್ಜುತ್ತಾಳೆ, ಗೊರಸು ತೊಳೆಯುತ್ತಾಳೆ. ಹತ್ತಲೇ ಎಂದು ಒಮ್ಮೆಯೂ ಕೇಳಿಲ್ಲ. ನಿನ್ನ ಒಪ್ಪಿಗೆಗೆ ಕಾಯುತ್ತಿದ್ದಾಳೆ.

ಲಗಾಮು ಕೊಡುವ ದಿನ ಇಡೀ ತುಕಡಿ ಕುದುರೆಯೇರಿ ಸಾಲಾಗಿ ನಿಲ್ಲುವುದು ವಾಡಿಕೆ. ಅಷ್ಟು ಎತ್ತರದಲ್ಲಿರುವವರ ಮುಂದೆ ಗಾಲಿಕುರ್ಚಿಯಲ್ಲಿ ಹೇಗೆ ಬರಲಿ ಎನ್ನುತ್ತೀಯೆಂದು ನನಗೆ ಗೊತ್ತು. ಅದಕ್ಕೇ ತುಕಡಿಯ ನಾಯಕರನ್ನು ಕಂಡು ಬಂದೆ. ಅವರು ಅಂದರು: "ಆವತ್ತು ಯಾರೂ ಕುದುರೆ ಹತ್ತಲ್ಲಮ್ಮ. ನಾನೂ ಹತ್ತಲ್ಲ. ಎಲ್ಲರೂ ನೆಲದ ಮೇಲೇ ಇರ್ತೀವಿ. ಅವನನ್ನ ಬರೋಕೆ ಹೇಳು."

ಹೇಳಿದ್ದೇನೆ. ನಿನ್ನ ಕೈಗಳು ಎಂದೆಂದೂ ಗಟ್ಟಿಯಾಗಿರಲಿ, ಕಂದ.

ದಾರಿ ಕಾಯುತ್ತಿರುವ,
ನಿನ್ನ ಅಕ್ಕ